ಇಪ್ಪತ್ಮೂರು ಜೊತೆ ದವಡೆ

ನನ್ನ ಸೋದರತ್ತೆಯ ಬಾಯಲ್ಲಿ ಈಗ ಉಳಿದಿರುವುದು ಹನ್ನೊಂದು ಹಲ್ಲು. ಆದರೆ ಮೈಲೂರಿನ ಅವಳ ಮನೆಯಲ್ಲಿ ಇಪ್ಪತ್ಮೂರು ಜೊತೆ ದವಡೆಗಳಿವೆ! ಎಲ್ಲವೂ ಕಬ್ಬಿಣದವು, ಒಂದೊಂದೂ ಇಪ್ಪತ್ತು ಮೂವತ್ತು ಕಿಲೊ ತೂಗುವಂಥವು. ಗಾಬರಿಯಾಗಬೇಡಿ, ಅತ್ತೆ ಮಾಟಗಾತಿಯಲ್ಲ. ಹಳೆಯ ಬೆಂಚ್ ವೈಸ್‌ಗಳನ್ನು ಹುಡುಕಿ ತಂದು, ತುಕ್ಕು ಬಿಡಿಸಿ, ಎಣ್ಣೆ ಕುಡಿಸಿ ಸಾಲಾಗಿ ಕೂರಿಸುವುದು ಅವಳ ಹವ್ಯಾಸ. ವೈಸ್ ನೀವೂ ನೋಡಿದ್ದೀರಿ. ವೆಲ್ಡಿಂಗ್ ಅಂಗಡಿಯಲ್ಲಿ ಮೇಜಿನ ಅಂಚಿಗೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಹಿಡಿಕೆ ತಿರುಗಿಸಿದರೆ ಎರಡು ದವಡೆಗಳು ಕೂಡಿ ಬಂದು ಕಬ್ಬಿಣದ ತುಂಡನ್ನು ಅಲುಗಾಡದಂತೆ ಕಚ್ಚಿ ಹಿಡಿಯುತ್ತವಲ್ಲ, ಅದೇ.

‘ಅಯ್ಯೋ, ಹುಚ್ಚು!’ ಅಂದಿರಾ? ಅನ್ನಿ. ಇಡೀ ಬೀದರ ಅಂದು ಮುಗಿಸಿದೆ, ನೀವೊಬ್ಬರು ಯಾಕೆ ಬಾಕಿ? ಆದರೆ ನನ್ನದೊಂದು ಪ್ರಶ್ನೆ. ಅಂಚೆಚೀಟಿ ಕೂಡಿಡುವ ಗಂಡಸಿಗೆ ನೀವು ಸಂಗ್ರಾಹಕರು ಅನ್ನುತ್ತೀರಿ, ಪೇಪರಿನಲ್ಲಿ ಫೋಟೊ ಹಾಕುತ್ತೀರಿ. ಬಾಗಿಲು ತೆರೆದರೆ ಮೈಮೇಲೆ ಬೀಳುವಷ್ಟು ಸೀರೆ ಕೂಡಿಟ್ಟವಳಿಗೆ ಮಹಾಲಕ್ಷ್ಮಿ ಅನ್ನುತ್ತೀರಿ. ಅರವತ್ತೆಂಟು ವರ್ಷದ ಹೆಂಗಸು ವೈಸ್ ಕೂಡಿಟ್ಟರೆ ಮಾತ್ರ ಹುಚ್ಚಿ! ಅತ್ತೆಯ ಎದುರು ಹೀಗೆ ಅಂದು ನೋಡಿ. ನಾನಂತೂ ನಿಮ್ಮ ಪಕ್ಷ ವಹಿಸುವುದಿಲ್ಲ.

ಅತ್ತೆ ಸರ್ಕಾರಿ ತರಬೇತಿ ಕೇಂದ್ರವೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದಳು. ಮೂವತ್ತು ವರ್ಷ ಒಂದು ಸಣ್ಣ ಕಿಟಕಿಯ ಹಿಂದೆ ಕೂತು ಹುಡುಗರಿಗೆ ಅರ, ಗರಗಸ, ಸುತ್ತಿಗೆ ಎತ್ತಿ ಕೊಟ್ಟಳು, ಸಂಜೆ ತಿರುಗಿ ಇಸಿದುಕೊಂಡಳು. ಒಂದು ಸಲ ತಡೆಯಲಾರದೆ ವರ್ಕ್‌ಶಾಪಿಗೆ ಹೋಗಿ, ‘ಸರ್, ನಾನೂ ಒಂದು ತುಂಡು ವೈಸಿಗಿ ಹಚ್ಚಿ ಅರ ತಿಕ್ಕಿ ನೋಡ್ಲಿರಿ?’ ಅಂತ ಕೇಳಿದಳಂತೆ. ‘ಬ್ಯಾಡ್ರಿ ಮೇಡಂ, ಬಳಿ ಸಿಕ್ಕೊಂಡಾವು’ ಅಂದರಂತೆ ಮೇಷ್ಟ್ರು. ಇಡೀ ಕ್ಲಾಸು ನಕ್ಕಿತು. ಅತ್ತೆ ತಿರುಗಿ ಬಂದು ಕಿಟಕಿಯ ಹಿಂದೆ ಕೂತಳು. ಆದರೆ ಮರೆಯಲಿಲ್ಲ. ಮರೆಯುವುದು ನಮ್ಮ ಮನೆತನದವರ ರಕ್ತದಲ್ಲೇ ಇಲ್ಲ.

ನಿವೃತ್ತಿಯಾದಾಗ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟರು. ಅತ್ತೆ ‘ಗಡಿಯಾರ ನೀವೇ ಇಟ್ಗೊಳ್ರಿ, ಮೂಲ್ಯಾಗ ಬಿದ್ದ ಹಳೀ ವೈಸ್ ಕೊಡ್ರಿ’ ಅಂದಳು. ಅದು ಸರ್ಕಾರದ ಸ್ವತ್ತು, ಹರಾಜಿಗೇ ಹೋಗಬೇಕು ಅಂದರು. ಸರಿ, ಹರಾಜಿನ ದಿನ ಹಳೇ ಕಬ್ಬಿಣದ ವ್ಯಾಪಾರಿಗಳ ನಡುವೆ ಇಳಕಲ್ ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಗಾಜಿನ ಬಳೆ ತೊಟ್ಟು ಅತ್ತೆ ಹಾಜರ್! ನಮ್ಮ ಕಡೆ ಭಂಗಾರದ ಅಂಗಡಿ ಅನ್ನುವ ಗುಜರಿ ಅಂಗಡಿಯ ಚಾಚಾ ಒಬ್ಬರು ಅಲ್ಲಿದ್ದರು. ‘ಅಮ್ಮಾ, ಇದಕ್ಕ ನೀವು ಒಯ್ದು ಕ್ಯಾ ಮಾಡ್ತೀರಿ?’ ಅಂತ ಕೇಳಿದರು.

‘ಮದುವಿ ಮಾಡ್ಕೋತೇನಿ!’ ಅಂದಳು ಮದುವೆಯೇ ಆಗದ ನನ್ನ ಅತ್ತೆ.

ಚಾಚಾ ಅವತ್ತು ಸವಾಲು ಕೂಗುವುದನ್ನು ನಿಲ್ಲಿಸಿದವರು ಇವತ್ತಿಗೂ ಅತ್ತೆಯ ಗುಪ್ತಚರ. ‘ಅಮ್ಮಾ, ಭಾಲ್ಕಿದಾಗ ಮೋಟರ್ ಕಟ್ಟೋ ಅಂಗಡಿ ಬಂದ್ ಆಗ್ಯಾದ, ಮಾಲ್ ಜಬರ್ದಸ್ತ್ ಆದ’ ಅಂತ ಫೋನು ಬಂದರೆ ಅತ್ತೆ ಮುಂದಿನ ಬಸ್ಸಿಗೆ ಭಾಲ್ಕಿ. ಮಗ್ಗಲು ಮನೆಯವರ ಮದುವೆಗೆ ಹೋಗಲು ಮೊಣಕಾಲು ನೋವು, ವೈಸಿಗಾದರೆ ಯಾವ ನೋವೂ ಇಲ್ಲ!

ಹಾಗಂತ ಮದುವೆಗಳ ಮೇಲೆ ಅವಳಿಗೆ ದ್ವೇಷವಿಲ್ಲ. ಆಮಂತ್ರಣ ಪತ್ರಿಕೆಗಳು ಅವಳಿಗೆ ಬೇಕೇ ಬೇಕು. ವೈಸ್ ಒಂದು ರಿಪೇರಿಯಾದ ಮೇಲೆ ಪರೀಕ್ಷೆ ಇರುತ್ತದೆ. ಲಗ್ನಪತ್ರಿಕೆಯಿಂದ ಎರಡು ಪಟ್ಟಿ ಕತ್ತರಿಸಿ, ದವಡೆಯ ಎಡತುದಿಗೊಂದು ಬಲತುದಿಗೊಂದು ಇಟ್ಟು ಬಿಗಿಯುತ್ತಾಳೆ. ಆಮೇಲೆ ಒಂದೊಂದೇ ಎಳೆದು ನೋಡುತ್ತಾಳೆ. ಒಂದು ಜಾರಿ ಬಂದರೂ ದವಡೆ ಓರೆಯಾಗಿದೆ ಅಂತ ಅರ್ಥ, ಮತ್ತೆ ಅರ ಹಿಡಿದು ಕೂರಬೇಕು. ಒಮ್ಮೆ ನನ್ನ ಗೆಳತಿಯ ಪತ್ರಿಕೆಗೇ ಆ ಯೋಗ ಬಂತು. ವಧುವಿನ ಹೆಸರಿದ್ದ ಪಟ್ಟಿ ಜಪ್ಪಯ್ಯ ಅಂದರೂ ಬರಲಿಲ್ಲ. ವರನದು ಸರಕ್ಕನೆ ಕೈಗೆ ಬಂತು! ‘ವೈಸ್ ಸರಿ ಅದ, ಜಾರೂದು ಹುಡುಗನೇ. ನಿನ್ನ ಗೆಳತಿಗಿ ಹುಷಾರಾಗಿರು ಅಂತ ಹೇಳು’ ಅಂದಳು ಅತ್ತೆ.

ತುಕ್ಕು ಬಿಡಿಸುವುದಕ್ಕೆ ಅವಳು ಅಂಗಡಿಯ ಆಸಿಡ್ ಮುಟ್ಟುವುದಿಲ್ಲ. ಹುಣಸೆ ನೀರು, ಹುಳಿ ಮಜ್ಜಿಗೆ, ಯಾವುದೂ ಸಿಗದಿದ್ದರೆ ಅಂಬಲಿ. ಹೋದ ವರ್ಷದ ಎಳ್ಳಮಾಸಿಯ ಕಥೆ ಕೇಳಿ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಊರಿಗೆ ಊರೇ ಹೊಲದಲ್ಲಿ. ಭಜ್ಜಿ, ಕಡುಬು, ರೊಟ್ಟಿ, ಜೊತೆಗೆ ಗಡಿಗೆಯಲ್ಲಿ ಹುಳಿ ಬಂದ ಜೋಳದ ಅಂಬಲಿ. ಚಿದ್ರಿಯ ನಮ್ಮ ಮನೆಯಲ್ಲಿ ಅವ್ವ ಎರಡು ಗಡಿಗೆ ಅಂಬಲಿ ಮಾಡಿ ಮೂಲೆಯಲ್ಲಿ ಇಟ್ಟಿದ್ದಳು. ಹಿಂದಿನ ದಿನ ಬಂದ ಅತ್ತೆ ‘ಇಷ್ಟು ಛಲೋ ಹುಳಿ ಬಂದದ’ ಅಂತ ಯಾರಿಗೂ ಹೇಳದೆ ಒಂದು ಗಡಿಗೆಯೊಳಗೆ ವೈಸಿನ ದವಡೆಯಿಂದ ಬಿಚ್ಚಿದ ತುಕ್ಕು ಹಿಡಿದ ಕಬ್ಬಿಣದ ಪಟ್ಟಿಗಳನ್ನು ಇಳಿಬಿಟ್ಟಳು. ಬೆಳಗ್ಗೆ ಪಟ್ಟಿ ತೆಗೆದುಕೊಂಡಳು, ಹೇಳುವುದು ಮರೆತಳು. (ಮರೆಯುವುದು ರಕ್ತದಲ್ಲಿಲ್ಲ ಅಂದೆನಲ್ಲ, ಬೇಕಾದಾಗ ಬರುತ್ತದೆ!) ಹೊಲಕ್ಕೆ ಬಂದ ಭಾಲ್ಕಿಯ ಬೀಗರು ಅದೇ ಗಡಿಗೆಯಿಂದ ಎರಡೆರಡು ಲೋಟ ಇಳಿಸಿ, ‘ಈ ಸಲ ಅಂಬಲಿ ಬ್ಯಾರೇನೇ ಆಗ್ಯಾದ ನೋಡ್ರಿ, ಏನ್ ಹಾಕೀರಿ?’ ಅಂದರು. ಅವ್ವ ಹೆಮ್ಮೆಯಿಂದ ‘ಬರೇ ಬಳ್ಳೊಳ್ಳಿ, ಜೀರಿಗಿ’ ಅಂದಳು. ಅತ್ತೆ ಆಕಾಶ ನೋಡುತ್ತಿದ್ದಳು. ಬೀಗರಿಗೆ ಏನೂ ಆಗಲಿಲ್ಲ, ನಿಜ ಗೊತ್ತಾದ ಅವ್ವ ಮಾತ್ರ ತಿಂಗಳುಗಟ್ಟಲೆ ಕಾದ ಹಂಚಾಗಿದ್ದಳು.

ಇನ್ನು ಇಪ್ಪತ್ಮೂರನೆಯದರ ಕಥೆ. ಔರಾದದಲ್ಲಿ ನಿಂತುಹೋದ ಎಣ್ಣೆ ಗಿರಣಿಯೊಂದರ ಹಿತ್ತಲಲ್ಲಿ ಅದಕ್ಕೆ ಎಮ್ಮೆ ಕಟ್ಟಿದ್ದರು. ವರ್ಷಾನುಗಟ್ಟಲೆ ಎಮ್ಮೆಯ ಗಂಜಲ ಕುಡಿದು ಅದರ ಸ್ಕ್ರೂ ಒಳಗೇ ಹಿಡಿದುಕೊಂಡಿತ್ತು. ಬಾಯಿ ಮುಚ್ಚಿದ್ದು ಮುಚ್ಚಿಯೇ ಇತ್ತು. ‘ಕೊಡಾಕ ನಮಗೇನಿಲ್ರಿ, ಎಮ್ಮಿ ಬ್ಯಾರೆ ಗೂಟಕ್ಕ ನಿಂದ್ರೂದಿಲ್ಲ’ ಅಂದ ಯಜಮಾನ. ಅತ್ತೆ ಆಳು ಹಚ್ಚಿ ಹೊಸ ಕಲ್ಲುಗೂಟ ನೆಡಿಸಿ, ಎಮ್ಮೆ ಒಪ್ಪುತ್ತದೋ ಇಲ್ಲವೋ ಅಂತ ಸಂಜೆಯವರೆಗೆ ಅದರ ಎದುರು ಕೂತಳು. ಎಮ್ಮೆ ಮಲಗಿ ಮೆಲುಕು ಹಾಕಿದ ಮೇಲೆಯೇ ನಾವು ಬಸ್‌ಸ್ಟ್ಯಾಂಡಿಗೆ ಹೊರಟದ್ದು. ‘ನಾವು’ ಅಂದೆ, ಯಾಕಂದರೆ ಅದನ್ನು ಹೊರುವ ಭಾಗ್ಯ ನನ್ನದಾಗಿತ್ತು.

ಬಸ್ಸಿನಲ್ಲಿ ಅತ್ತೆ ಅದನ್ನು ಕಿಟಕಿ ಪಕ್ಕದ ಸೀಟಿನಲ್ಲೇ ಕೂರಿಸಿದಳು.

‘ಆಯಿ, ಇದಕ್ಕ ಲಗೇಜ್ ಆಗ್ತದ್ರಿ’ ಅಂದ ಕಂಡಕ್ಟರ್.

‘ಯಾಕ? ಇದು ಹೆಣ್ಣು. ಹೆಣ್ಮಕ್ಕಳಿಗಿ ಬಸ್ ಫ್ರೀ ಅದ ಇಲ್ಲೊ?’

‘ಹಂಗಾದ್ರ ಆಧಾರ್ ತೋರಸ್ರಿ.’

ಅತ್ತೆ ಸೆರಗಿನಿಂದ ವೈಸಿನ ಪಕ್ಕೆ ಒರೆಸಿದಳು. ಎರಕದ ಇಂಗ್ಲಿಷ್ ಅಕ್ಷರಗಳು ಕಂಡವು. ‘ಓದು. ಹೆಸರು, ಹುಟ್ಟಿದ ಊರು, ಎಲ್ಲಾ ಮೈಮ್ಯಾಲೇ ಅದ. ನಿನ್ನ ಮೈಮ್ಯಾಲ ಏನದ?’

ಆತ ಬಗ್ಗಿ ಓದಿದ. ‘ಆಯಿ, ಇಂಗ್ಲೆಂಡ್ ಅಂತ ಬರದಾದ. ಫ್ರೀ ಬರೇ ಕರ್ನಾಟಕದ ಹೆಣ್ಮಕ್ಕಳಿಗಿರಿ!’ ಅಂತ ಲಗೇಜ್ ಟಿಕೇಟು ಹರಿದು ಕೊಟ್ಟ. ಅತ್ತೆ ಚೌಕಾಶಿ ಮಾಡದೆ ದುಡ್ಡು ಎಣಿಸಿ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

ಇಷ್ಟೆಲ್ಲ ಭಾರ ಎತ್ತಿದವಳು ಬಿದ್ದದ್ದು ಯಾವಾಗ ಗೊತ್ತೇ? ಚಹಾದ ಕಪ್ಪು ಹಿಡಿದು ಪಡಸಾಲೆಗೆ ಬರುವಾಗ! ನೆಲದ ಮೇಲೆ ಚೆಲ್ಲಿದ್ದ ಎಣ್ಣೆಯಲ್ಲಿ ಕಾಲು ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಬಳೆಗಳನ್ನೆಲ್ಲ ಒಡೆದು ತೆಗೆದು ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಿದರೆ ಕೈ ಸಣ್ಣಗಾಗಿತ್ತು, ಹಿಡಿತ ಹೋಗಿತ್ತು.

ಇಲ್ಲಿಗೆ ನನ್ನ ಅಪ್ಪ ರಂಗಕ್ಕೆ ಇಳಿದ. ಅಪ್ಪ ಅತ್ತೆಗೆ ಒಬ್ಬನೇ ತಮ್ಮ, ನಿವೃತ್ತ ಹೆಡ್‌ಮಾಸ್ತರ. ‘ಅಕ್ಕಾ, ಸಾಕು. ಇವನ್ನೆಲ್ಲ ಭಂಗಾರಕ್ಕ ಹಾಕ್ತೇನಿ. ಈ ಮನಿ ಕೀಲಿ ಹಾಕಿ ನೀ ನಮ್ಮ ಜೋಡಿ ಚಿದ್ರಿಗಿ ಬಾ’ ಅಂದ.

‘ಬಿದ್ದದ್ದು ಚಹಾ ಹಿಡಕೊಂಡು. ಚಹಾ ಬಿಡು ಅನ್ನು, ಬಿಡ್ತೇನಿ. ವೈಸ್ ಯಾಕ ಬಿಡ್ಲಿ?’

‘ಕೈಯಾಗ ತಾಕತ್ ಎಲ್ಲದ?’

ಆ ಒಂದು ಮಾತು ಅತ್ತೆಗೆ ನಾಟಿತು. ಔರಾದದ ಆ ಬಾಯಿಬಿಡದ ವೈಸನ್ನು ತೋರಿಸಿ, ‘ಎಳ್ಳಮಾಸಿ ಒಳಗ ಇದರ ಬಾಯಿ ನಾನೇ ತೆರೀತೇನಿ. ತೆರದ್ರ ನೀ ಈ ಜನ್ಮದಾಗ ವೈಸಿನ ಮಾತು ಎತ್ತಬಾರದು. ಇಲ್ಲಾಂದ್ರ ಇಪ್ಪತ್ಮೂರೂ ಒಯ್ಯಿ, ನನ್ನೂ ಒಯ್ಯಿ’ ಅಂದಳು.

‘ಒಬ್ಬಾಕೀನೇ ತೆರೀಬೇಕು. ಯಾರೂ ಕೈ ಹಚ್ಚೂಹಂಗಿಲ್ಲ’ ಅಂತ ಅಪ್ಪ ಷರತ್ತು ಹಾಕಿದ. ಮಾಸ್ತರ ಬುದ್ಧಿ ಎಲ್ಲಿ ಹೋದೀತು!

ಎರಡು ತಿಂಗಳು ಆ ವೈಸಿಗೆ ನಡೆದ ಉಪಚಾರ ಯಾವ ಬಾಣಂತಿಗೂ ನಡೆದಿರಲಿಕ್ಕಿಲ್ಲ. ಡೀಸೆಲ್ಲಿನಲ್ಲಿ ನೆನೆಹಾಕಿದಳು, ಇದ್ದಿಲ ಶೆಗಡಿಯಲ್ಲಿ ಕಾಸಿದಳು, ಎಡಗೈಯಲ್ಲಿ ಕಟ್ಟಿಗೆಯ ಸುತ್ತಿಗೆ ಹಿಡಿದು ಟಕ್ ಟಕ್ ಅಂತ ಬಡಿದಳು. ಅದು ಕೂದಲೆಳೆಯಷ್ಟೂ ಕದಲಲಿಲ್ಲ. ಚಾಚಾ ಬಂದು, ಹಿಡಿಕೆಗೆ ಉದ್ದನೆಯ ಪೈಪು ತೂರಿಸಿ ಎಳೆದರೆ ಒಂದೇ ಏಟಿಗೆ ಬರುತ್ತದೆ ಅಂದರು. ‘ಬರ್ತದ, ಖರೆ. ಒಳಗಿನ ಸ್ಕ್ರೂದ ಹಲ್ಲೂ ಮುರೀತಾವ. ಜಬರ್ದಸ್ತಿ ಮಾಡಿ ಬಾಯಿ ಬಿಡಸೂದು ಪೊಲೀಸರ ಕೆಲಸ, ನಂದಲ್ಲ’ ಅಂದಳು ಅತ್ತೆ. ನಾನು ‘ಅತ್ತೀ, ಯಾರೂ ನೋಡೂದಿಲ್ಲ, ನಾ ಒಂದ್ ಸಲ ತಿರುಗಸಲಿ?’ ಅಂದಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಈ ಸಲದ ಎಳ್ಳಮಾಸಿಯ ಬೆಳಗ್ಗೆ ಹೊಲಕ್ಕೆ ಹೋಗುವ ಮೊದಲು ಅಪ್ಪ, ನಾನು ಮೈಲೂರಿಗೆ ಹೋದೆವು. ಅಪ್ಪ ಹೇಳಿದಂತೆ ಚಾಚಾ ಟೆಂಪೊ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಅತ್ತೆ ಹೊಸ ಹಸಿರು ಬಳೆ ತೊಟ್ಟಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿಕೆಗೆ ಕೈ ಹಾಕಿದಳು. ಬಲಗೈಯಲ್ಲಿ ಒತ್ತಿದಳು. ಎಡಗೈಯಲ್ಲಿ ಒತ್ತಿದಳು. ಎರಡೂ ಕೈ ಕೂಡಿಸಿ ಮೈಭಾರವನ್ನೆಲ್ಲ ಹಾಕಿದಳು. ಬಳೆಗಳು ಗಲಗಲ ಅಂದವು, ವೈಸ್ ಮಾತ್ರ ಕದಲಲಿಲ್ಲ. ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು. ನಾನು ಗೋಡೆ ನೋಡುತ್ತ ನಿಂತೆ.

ಅತ್ತೆ ಹಿಡಿಕೆ ಬಿಟ್ಟಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ‘ಸೋತೀನಿ. ಚಾಚಾ, ಗಾಡಿ ಹಿಂದ ಹಚ್ರಿ’ ಅಂದಳು. ಅಪ್ಪನ ಕಡೆ ತಿರುಗಿ, ‘ನೀ ಅಂದದ್ದು ಖರೆ ಅದನೋ ತಮ್ಮಾ. ಕೈಯಾಗ ಏನೂ ಉಳಿದಿಲ್ಲ’ ಅಂದಳು. ಜೀವಮಾನದಲ್ಲಿ ಯಾರಿಗೂ ‘ಖರೆ ಅದ’ ಅನ್ನದ ನನ್ನ ಅತ್ತೆ ಅಂದ ಮಾತು ಅದು.

ಚಾಚಾ ಬಾಗಿಲಲ್ಲಿ ನಿಂತು, ‘ಸಾಬ್, ಲೋಡ್ ಮಾಡ್ಲಿ?’ ಅಂದರು.

ಅಪ್ಪ ಅಕ್ಕನ ಆ ಸಣ್ಣಗಾದ ಕೈಯನ್ನೇ ನೋಡುತ್ತಿದ್ದ. ಆಮೇಲೆ ಟೋಪಿ ತೆಗೆದು ನನ್ನ ಕೈಗೆ ಕೊಟ್ಟ, ಅಂಗಿಯ ತೋಳು ಮಡಚಿದ, ‘ಆ ಕಡಿ ಸರಿ’ ಅನ್ನುತ್ತ ಹೋಗಿ ಹಿಡಿಕೆಯ ಇನ್ನೊಂದು ತುದಿ ಹಿಡಿದ.

‘ಏ! ಯಾರೂ ಕೈ ಹಚ್ಚಬಾರದಂತ ಷರತ್ತದ!’ ಅತ್ತೆ ಚೀರಿದಳು.

‘ಷರತ್ತು ಹಾಕಿದಾಂವ ನಾ. ಮುರಿದಾಂವನೂ ನಾ. ಏನ್ ಮಾಡ್ತಿ?’

‘ನಾ ಸೋತೀನಿ, ಒಯ್ಯಿ ಅಂದ್ರ ಒಯ್ಯಿ!’

‘ಒಯ್ಯೂದಿಲ್ಲ! ನೀ ಕೆಳಗ ಒತ್ತು, ನಾ ಮ್ಯಾಲ ಎತ್ತತೇನಿ. ಹೂಂ, ಹಾಕು ಜೋರ!’

ಅರವತ್ತೆಂಟು ವರ್ಷದ ಅಕ್ಕ, ಅರವತ್ತೈದರ ತಮ್ಮ, ಒಂದೇ ಹಿಡಿಕೆಯ ಎರಡು ತುದಿ ಹಿಡಿದು ಹಲ್ಲು ಕಚ್ಚಿ ಜಗ್ಗಾಡಿದರು. ಬೈದಾಡಿಕೊಂಡರು, ಒಬ್ಬರ ಕಾಲು ಒಬ್ಬರು ತುಳಿದರು. ವೈಸ್ ತಿರುಗಿತೇ? ಇಲ್ಲ! ಚಾಚಾ ತಾವಾಗಿಯೇ ಟೆಂಪೊ ಚಾಲೂ ಮಾಡಿದರು, ಖಾಲಿ ಗಾಡಿಯಲ್ಲಿ ನಮ್ಮನ್ನೆಲ್ಲ ಹೊಲಕ್ಕೆ ಬಿಟ್ಟರು.

ಈಗ ಪ್ರತಿ ಭಾನುವಾರ ಅಪ್ಪ ಚಿದ್ರಿಯಿಂದ ಮೈಲೂರಿಗೆ ಹೋಗುತ್ತಾನೆ. ವಾರಪೂರ್ತಿ ಅತ್ತೆ ಎಣ್ಣೆ ಹಾಕಿಟ್ಟಿರುತ್ತಾಳೆ, ಇಬ್ಬರೂ ಕೂಡಿ ತಿರುಗಿಸುತ್ತಾರೆ, ಜಗಳ ಮಾಡುತ್ತಾರೆ, ಊಟ ಮಾಡುತ್ತಾರೆ. ಅತ್ತೆಯ ಕೈ ಹಿಡಿತ ಈಗ ಎಷ್ಟೋ ವಾಸಿ, ಮೊನ್ನೆ ತಾನೇ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದಳು. ಹೋದ ಭಾನುವಾರ ಅಪ್ಪ ಚಪ್ಪಲಿ ಮೆಟ್ಟುವಾಗ ನಾನು ಚುಡಾಯಿಸಿದೆ. ‘ಅಪ್ಪಾ, ಇವತ್ತೇ ಅದು ತಿರುಗಿಬಿಟ್ರ ಮುಂದಿನ ವಾರ ಏನ್ ಮಾಡ್ತಿ?’

ಅಪ್ಪ ಒಳಗೆ ಅವ್ವ ಕೇಳಿಸಿಕೊಂಡಾಳೆಂದು ಅತ್ತಿತ್ತ ನೋಡಿ, ದನಿ ತಗ್ಗಿಸಿ ಅಂದ: ‘ಭಾಲ್ಕಿದಾಗ ಇದಕ್ಕಿಂತ ಹೊಲಸು ಜಾಮ್ ಆಗಿದ್ದು ಒಂದ್ ಅದ ಅಂತ. ಚಾಚಾಗ ಹೇಳಿ ಹಿಡದು ಇಡಿಸೀನಿ. ನಿಮ್ಮತ್ತಿಗಿ ಹೇಳಬ್ಯಾಡ.’