ಡಿಕ್ಕಿಯಲ್ಲಿ ಮಲಗಿ ಚಕ್ರದ ಸದ್ದು ಹಿಡಿದದ್ದು

ನಮ್ಮ ಕಾರಿಗೆ ಹಾರ್ನಿನ ಅಗತ್ಯವೇ ಇರಲಿಲ್ಲ. ತಮಿಳು ಸೀಮೆಯ ಸಿಂಗಾನಲ್ಲೂರಿನ ನಮ್ಮ ಬೀದಿಗೆ ಅದು ತಿರುಗಿದರೆ ಸಾಕು, 'ಗೊರ್ರ್...' ಎಂಬ ಸದ್ದಿಗೆ ನಾಯಿಗಳು ಎದ್ದು ದಾರಿ ಬಿಡುತ್ತಿದ್ದವು. ಹಲವರ ಕೈ ದಾಟಿ ಅಗ್ಗಕ್ಕೆ ಸಿಕ್ಕಿದ ಪುಟ್ಟ ಹಳೇ ಕಾರು. ಸದ್ದು ಬರುತ್ತಿದ್ದುದು ಚಕ್ರದಿಂದ. ಯಾವ ಚಕ್ರದಿಂದ ಎಂಬುದೇ ಪ್ರಶ್ನೆ.

"ವರ್ಕ್‌ಶಾಪಿಗೆ ಬಿಡಿ ಅಂದ್ರೆ ಕೇಳಲ್ಲ. ಮುಂದಿನ ವಾರ ತಮ್ಮನ ನಿಶ್ಚಿತಾರ್ಥ. ಕಿಣತ್ತುಕಡವಿನ ತವರಿಗೆ ನಾನು ಬಸ್ಸಲ್ಲೇ ಹೋಗ್ತೀನಿ" ಎಂದಳು ಹೆಂಡತಿ ಮಂಜುಳಾ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಶಬ್ದತರಂಗಗಳ ಪಾಠ ಮಾಡುವವನು ಒಂದು ಚಕ್ರಕ್ಕೆ ಸೋಲುವುದೇ!

"ನೀನು ಕಾರು ಓಡಿಸು. ನಾನು ಡಿಕ್ಕಿಯಲ್ಲಿ ಮಲಗಿ ಕೇಳ್ತೀನಿ" ಎಂದು ಘೋಷಿಸಿದೆ.

"ಡಿಕ್ಕಿಯಲ್ಲಾ? ಯಾರಾದ್ರೂ ನೋಡಿದ್ರೆ?"

"ವಿಜ್ಞಾನಕ್ಕೆ ನಾಚಿಕೆ ಇಲ್ಲ!"

ಮೊಣಕಾಲನ್ನು ಗಲ್ಲಕ್ಕೆ ತಂದು ಮಡಿಚಿಕೊಂಡೆ. ಅವಳು ಬಾಗಿಲು ಮುಚ್ಚಿದಳು. ಒಳಗಿನಿಂದ ತೆರೆಯಲು ಬಾರದು ಎಂಬುದು ಆಮೇಲೆ ಹೊಳೆಯಿತು.

ಬಸ್ ನಿಲ್ದಾಣದ ಹತ್ತಿರ ಕಾರು ನಿಂತಿತು. ಹೊರಗಿನಿಂದ ಪರಿಚಿತ ಧ್ವನಿ: "ಮಂಜು ಕಣ್ಣು! ಸರಿಯಾದ ಟೈಮಿಗೆ ಬಂದೆ ನೋಡು!"

ನನ್ನ ಅತ್ತೆ! ಮಗಳನ್ನು ಮುದ್ದಿಗೆ 'ಕಣ್ಣು' ಎಂದು ಕರೆಯುವವರು ಅವರೇ. ಹೇಳದೆ ಕೇಳದೆ ಊರಿಂದ ಬಂದಿಳಿದಿದ್ದರು.

"ಡಿಕ್ಕಿ ತೆಗಿ, ತಕ್ಕಾಳಿ ಮೂಟೆ ಇದೆ."

"ಅದು... ತೆಗೆಯೋಕಾಗಲ್ಲಮ್ಮಾ. ಲಾಕು ಕೆಟ್ಟಿದೆ" ಎಂದಳು ಮಂಜುಳಾ. ಗಂಡನನ್ನು ಡಿಕ್ಕಿಯಲ್ಲಿ ಹಾಕಿದ್ದೇನೆ ಎಂದು ಹೆತ್ತ ತಾಯಿಗೆ ಯಾವ ಮಗಳು ಹೇಳಿಯಾಳು?

ಅತ್ತೆ ಸೋಲುವವರಲ್ಲ. ಹಿಂದಿನ ಸೀಟಿಗೆ ಹತ್ತಿ, ಸೀಟಿನ ಬೆನ್ನ ಮೇಲಿಂದಲೇ, ಹಿಂದೆ ಇಣುಕದೆ, ಟೊಮೇಟೊ ಮೂಟೆಯನ್ನು ಡಿಕ್ಕಿಯೊಳಕ್ಕೆ ಉರುಳಿಸಿದರು. ಅದು ನೇರ ನನ್ನ ಹೊಟ್ಟೆಯ ಮೇಲೆ ಇಳಿಯಿತು.

"ಹ್ಮ್ಫ್!"

"ಏನು ಕಣ್ಣು ಅದು ಸದ್ದು?"

"ಚಕ್ರ ಅಮ್ಮಾ. ಹಳೇ ಕಾರಲ್ವಾ!"

ಕಾರು ಹೊರಟಿತು.

"ಮಾಪಿಳ್ಳೆ ಎಲ್ಲಿ?" ಅಳಿಯನ ವಿಚಾರಣೆ ಶುರುವಾಯಿತು.

"ಕಾಲೇಜಿಗೆ ಹೋಗಿದ್ದಾರೆ."

"ನ್ಯಾಯಿತುಕ್ಕಿಳಮೆಯಾ? ಭಾನುವಾರ ಏನು ಕಾಲೇಜು?" ಅತ್ತೆ ನಿಟ್ಟುಸಿರಿಟ್ಟರು. "ಬಂಗಾರದಂಥ ಮನುಷ್ಯ ಕಣ್ಣು. ಲೋಕಜ್ಞಾನ ಮಾತ್ರ ಸಾಲದು."

ಮಂಜುಳಾ ಇಲ್ಲವೆನ್ನಲಿಲ್ಲ! ಡಿಕ್ಕಿಯಲ್ಲಿ ಟೊಮೇಟೊ ಅಪ್ಪಿಕೊಂಡು ಮಲಗಿದ್ದ ನಾನು ಮತ್ತೆ ಚಕ್ರದ ಸದ್ದಿಗೆ ಕಿವಿಗೊಟ್ಟೆ.

ಅಷ್ಟರಲ್ಲಿ ಕಾರು ಎಡಕ್ಕೆ ತಿರುಗಿತು. 'ಗೊರ್ರ್' ಎಂಬುದು 'ಘರ್ರ್ರ್' ಆಯಿತು. ಅದೂ ನನ್ನ ಕಿವಿಯ ಕೆಳಗೇ! ಸಂಶೋಧಕ ಮೈಮರೆತ.

"ಸಿಕ್ತು! ಹಿಂದಿನ ಎಡಚಕ್ರ!" ಎಂದು ಕೂಗಿಬಿಟ್ಟೆ.

ಅತ್ತೆಯ ಕಿರುಚಾಟಕ್ಕೆ ಮಂಜುಳಾ ಬ್ರೇಕ್ ಒತ್ತಿದಳು. ಮೂಟೆ ಬಿಚ್ಚಿಕೊಂಡಿತು. ಟೊಮೇಟೊ ಅರ್ಧ ನನ್ನ ಕೆಳಗೆ, ಅರ್ಧ ಮೇಲೆ. ಟೀ ಅಂಗಡಿಯ ಜನ ಓಡಿಬಂದು ಡಿಕ್ಕಿ ತೆರೆದರು. ಬಿಳಿ ಅಂಗಿಯೆಲ್ಲ ಕೆಂಪಾಗಿ, ಮಡಿಚಿ ಬಿದ್ದಿದ್ದ ನನ್ನನ್ನು ಕಂಡು ಒಬ್ಬರು, "ಅಯ್ಯೋ, ರತ್ತಂ!" ಎಂದು ಚೀರಿದರು. ಇನ್ನೊಬ್ಬರು ಪೊಲೀಸರಿಗೆ ಕರೆಮಾಡಲು ಫೋನ್ ತೆಗೆದರು.

"ರಕ್ತ ಅಲ್ಲ, ತಕ್ಕಾಳಿ! ನಾನು ಇವರ ಗಂಡ!" ಎಂದು ತಮಿಳಿನಲ್ಲಿ ಬೇಡಿಕೊಂಡೆ.

ಎಲ್ಲರೂ ಮಂಜುಳಾಳ ಮುಖ ನೋಡಿದರು. ಅವಳು ಒಪ್ಪಿಕೊಳ್ಳಲು ತುಸು ಜಾಸ್ತಿಯೇ ಹೊತ್ತು ತೆಗೆದುಕೊಂಡಳು.

ಕೊನೆಗೆ ಅತ್ತೆಯೇ ಸೆರಗಿನಿಂದ ನನ್ನ ಮುಖ ಒರೆಸಿ, "ನಮ್ಮ ಮಾಪಿಳ್ಳೆಯೇ. ಇವರು ಹಿಂಗೇ" ಎಂದು ಜನರನ್ನು ಸಮಾಧಾನಪಡಿಸಿದರು.

ಇಷ್ಟಾದರೂ ಸಂಶೋಧನೆ ಫಲ ಕೊಟ್ಟಿತಲ್ಲ! ಮರುದಿನವೇ ವರ್ಕ್‌ಶಾಪಿಗೆ ಹೋಗಿ, ಹಿಂದಿನ ಎಡಚಕ್ರಕ್ಕೆ ಹೊಸ ಬೇರಿಂಗ್ ಹಾಕಿಸಿ, ಹೆಮ್ಮೆಯಿಂದ ಮನೆಗೆ ಹೊರಟೆ.

ಗೊರ್ರ್!

"ಎಡಕ್ಕೆ ತಿರುಗಿಸಿದ್ರೆ ಭಾರ ಬಲಕ್ಕೆ ಬಿದ್ದು ಸದ್ದು ಜಾಸ್ತಿ, ಬಲಕ್ಕೆ ತಿರುಗಿಸಿದ್ರೆ ಕಮ್ಮಿ. ಸ್ಟೀರಿಂಗೂ ನಡುಗುತ್ತೆ. ಮುಂದಿನ ಬಲಚಕ್ರ ಇರಬೇಕು" ಎಂದಳು ಮಂಜುಳಾ.

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಡಿಕ್ಕಿಯಲ್ಲಿದ್ರಿ."

ಮುಂದಿನ ಬಲಚಕ್ರವೇ ಆಗಿತ್ತು! ಹಿಂದಿನ ಎಡಚಕ್ರ ಮಾಡಿದ ಅಪರಾಧವೆಂದರೆ ನನ್ನ ಕಿವಿಯ ಹತ್ತಿರ ಇದ್ದದ್ದು.

ನಿಶ್ಚಿತಾರ್ಥದ ದಿನ ಕಾರು ಸದ್ದಿಲ್ಲದೆ ಕಿಣತ್ತುಕಡವು ತಲುಪಿತು. ಮಂಜುಳಾಳ ದೊಡ್ಡಪ್ಪ ನಗುತ್ತಾ ಬಂದವರು ನೇರ ಕಾರಿನ ಹಿಂದಕ್ಕೆ ಹೋಗಿ, ಡಿಕ್ಕಿ ತೆರೆದು, ಬಗ್ಗಿ ನೋಡಿದರು. ಆಮೇಲೆ ಮಂಜುಳಾಳನ್ನು ಗಂಭೀರವಾಗಿ ಕೇಳಿದರು:

"ಯಾಕಮ್ಮಾ, ಮಾಪಿಳ್ಳೆ ಬರಲಿಲ್ವಾ?"

ಸ್ಟೀರಿಂಗ್ ಹಿಡಿದು ಕೂತಿದ್ದ ಭೌತಶಾಸ್ತ್ರದ ಮೇಷ್ಟರು ಮೆಲ್ಲಗೆ ಕೈಯೆತ್ತಿ, "ಪ್ರೆಸೆಂಟ್" ಎಂದರು.