ಅತ್ತೆಯ ಮಂಡಿ ಹಾರಿದ್ದು

ಹಾರುವ ವಸ್ತುಗಳಿಗೂ ನನಗೂ ಆಗಿಬರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿಕ್ಕಂದಿನಲ್ಲಿ ನಾನು ಬಿಟ್ಟ ಗಾಳಿಪಟಗಳೆಲ್ಲ ನಂಜನಗೂಡಿನ ಕರೆಂಟು ತಂತಿಗಳ ಮೇಲೆಯೇ ಆಷಾಢ ಕಳೆದಿವೆ. ಇಂಥವನು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಟಿ. ನರಸೀಪುರದ ಹೈಸ್ಕೂಲಿನ ವಿಜ್ಞಾನದ ಮೇಷ್ಟರಾಗಿದ್ದಾಗ, ಪಾಠೋಪಕರಣ ಪ್ರದರ್ಶನಕ್ಕೆ ಪೈಲಟ್ ಇಲ್ಲದ ವಿಮಾನ ಮಾಡುತ್ತೇನೆಂದು ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟುಬಿಟ್ಟೆ.

"ನಮ್ಮ ಧ್ವಜದ ಕಂಬ ದಾಟಿದ್ರೆ ಕಳಿಸ್ತೀನಿ ಕಣ್ರೀ. ಇಲ್ದಿದ್ರೆ ಆ ಗೆದ್ದಲು ತಿಂದ ಹೃದಯದ ಚಾರ್ಟೇ ಗತಿ" ಎಂದರು ಹೆಡ್ಮಾಸ್ಟರು. ನನ್ನ ಮಾನ ಆ ಕಂಬಕ್ಕೆ ಕಟ್ಟಿಕೊಂಡಿತು.

ಥರ್ಮಾಕೋಲಿನ ರೆಕ್ಕೆ, ಕೆಟ್ಟ ಟೇಪ್‌ರೆಕಾರ್ಡರಿನ ಮೋಟಾರು, ಪೆನ್ಸಿಲ್ ಸೆಲ್ಲು. ಸ್ಕೂಲಿನ ಮಾಳಿಗೆಯಿಂದ ಬಿಟ್ಟರೆ ಅರ್ಧ ದಾರಿಯಲ್ಲಿ ದೊಪ್ಪನೆ ಬೀಳುತ್ತಿತ್ತು. ಸೆಲ್ಲು ಹೆಚ್ಚಿಸಿದೆ, ಭಾರವಾಗಿ ಇನ್ನೂ ಬೇಗ ಬಿತ್ತು. ಬೇಸರ ಕಳೆಯಲು ಹೆಂಡತಿಯೊಂದಿಗೆ ಹೊಳೆಯ ಕಡೆ ಹೋದಾಗ ನೆತ್ತಿಯ ಮೇಲೆ ಗರುಡ ತೇಲುತ್ತಿತ್ತು. ಅವಳು ಕೆನ್ನೆ ಬಡಿದುಕೊಂಡು ಕೈಮುಗಿದು, "ರೀ, ಅದು ರೆಕ್ಕೇನೇ ಬಡೀತಿಲ್ಲ ನೋಡಿ. ತುದಿ ಗರಿ ಮಾತ್ರ ಬೆರಳು ಬಿಡಿಸ್ದಂಗೆ ಬಿಡಿಸ್ಕೊಂಡದೆ" ಎಂದಳು. ನನಗೆ ಹೊಳೆಯಿತು. ರೆಕ್ಕೆಯ ತುದಿಯಲ್ಲಿ ಗಾಳಿ ಸುಳಿ ಸುತ್ತಿ ಹಿಂದಕ್ಕೆಳೆಯುತ್ತದೆ; ಗರಿಗಳು ಆ ಸುಳಿಯನ್ನು ಸೀಳುತ್ತವೆ. ಪುಸ್ತಕದಲ್ಲಿ ಓದಿದ್ದೆ, ತಲೆಯೆತ್ತಿ ನೋಡಿರಲಿಲ್ಲ.

ಈಗ ತೆಳ್ಳಗಿದ್ದೂ ಬಾಗಿ ನಿಲ್ಲುವ ಗರಿ ಬೇಕಲ್ಲ? ಬೀರುವಿನ ಮೇಲೆ ಅತ್ತೆಯ ಮಂಡಿಯ ಎಕ್ಸ್‌ರೇ ಇತ್ತು. ಮಂಡಿನೋವಿನ ಚಿಕಿತ್ಸೆಗೆಂದು ಕವಲಂದೆಯಿಂದ ಬಂದು ನಮ್ಮಲ್ಲೇ ಇದ್ದರು. ಮಂಡಿಯೇ ಅವರ ಹತ್ತಿರವಿರುವಾಗ ಅದರ ಫೋಟೋ ಯಾಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕತ್ತರಿ ಹಾಕಿದೆ. ಒಂದೊಂದು ರೆಕ್ಕೆಗೆ ಐದೈದು ಗರಿ.

ಮರುದಿನ ಮಾಳಿಗೆಯಿಂದ ಬಿಟ್ಟೆ. ಅದೇ ಮೋಟಾರು, ಅದೇ ಸೆಲ್ಲು. ವಿಮಾನ ಬೀಳಲಿಲ್ಲ, ತೇಲಿತು! ಕೆಳಗಿದ್ದ ಹೆಡ್ಮಾಸ್ಟರು ತಲೆಯೆತ್ತಿ, ಅಭ್ಯಾಸಬಲದಿಂದ ಪಟಪಟ ಕೆನ್ನೆ ಬಡಿದುಕೊಂಡು ಕೈಮುಗಿದೇಬಿಟ್ಟರು. ಅದು ಕಂಬ ದಾಟಿ, ಕಾಂಪೌಂಡು ದಾಟಿ, ಎದುರಿಗಿದ್ದ ನಮ್ಮ ಬಾಡಿಗೆ ಮನೆಯ ಜಗುಲಿಗೇ ಇಳಿಯಿತು. ನಾನು ಕುಣಿದೆ. ನಲವತ್ತರ ಮೇಷ್ಟರು ಕುಣಿಯಬಾರದೆಂಬ ನಿಯಮವೇನೂ ಇಲ್ಲವಲ್ಲ.

ಓಡಿಹೋಗಿ ನೋಡಿದರೆ ಜಗುಲಿಯಲ್ಲಿ ಅತ್ತೆ ವಿಮಾನವನ್ನು ಬೆಳಕಿಗೆ ಹಿಡಿದಿದ್ದರು. ಗರಿಯಲ್ಲಿ ಮೂಳೆ ಕಾಣುತ್ತಿತ್ತು.

"ಅಳಿಯಂದ್ರೇ, ಇದು ನನ್ನ ಮಂಡಿ ಅಲ್ವಾ?"

"ಹೌದು ಅತ್ತೆ."

"ಈ ಮಂಡೀಲಿ ಮೆಟ್ಲೂ ಅತ್ತಕ್ಕಾಗಕಿಲ್ಲ ಅಂದಿದ್ರು ಡಾಕ್ಟ್ರು. ಈಗ ನೋಡಿ, ಇಸ್ಕೂಲ್ನೇ ಆರಿ ಬಂದದೆ!" ಎಂದು ಬೊಚ್ಚುಬಾಯಿ ತೆರೆದು ನಕ್ಕರು.

ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಡಾಕ್ಟರು ಹಳೆಯ ಫಿಲ್ಮ್ ಕೇಳಿದಾಗ ಅತ್ತೆಯೇ, "ಅದು ಪ್ರೈಜ್ ಒಡ್ಕಂಡು ಎಡ್ಮಾಷ್ಟ್ರ ಬೀರಿನಲ್ಲಿ ಕುಂತದೆ ಸಾ" ಎಂದು ಗತ್ತಿನಿಂದ ಹೇಳಿದರು. ಹೊಸ ಎಕ್ಸ್‌ರೇ ತೆಗೆಸಿಕೊಟ್ಟೆ. ಅತ್ತೆ ಅದನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದರು. ಜೊತೆಗೆ ನಮ್ಮ ಮನೆಯ ಕತ್ತರಿಯನ್ನೂ.