ಟೈಮ್‌ಕೀಪರ್ ಮಾವನ ತೋಟದ ವೇಳಾಪಟ್ಟಿ

ಹಣ್ಣು ಬಿಡಲು ತಡ ಮಾಡಿತೆಂದು ಹಲಸಿನ ಮರಕ್ಕೆ ನೋಟಿಸು ಕೊಟ್ಟ ಮನುಷ್ಯನನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಆ ನೋಟಿಸನ್ನು ಟೈಪ್ ಮಾಡಿ, ಎರಡು ಪ್ರತಿ ತೆಗೆದು, ಒಂದನ್ನು ಮರಕ್ಕೆ ಅಂಟಿಸಲು ಗೋಂದಿನ ಸಮೇತ ಕೊಟ್ಟವನು ನಾನೇ! "ಏಪ್ರಿಲ್ ಇಪ್ಪತ್ತಕ್ಕೆ ಆಗಮಿಸಬೇಕಾಗಿದ್ದ ತಾವು ಮೇ ಹದಿನೈದಾದರೂ ಕಾಣಿಸಿಕೊಂಡಿಲ್ಲ. ಕಾರಣ ತಿಳಿಸತಕ್ಕದ್ದು." ಮರ ಕಾರಣ ತಿಳಿಸಲಿಲ್ಲ. ಆದರೆ ಮರುವರ್ಷ ಮಾರ್ಚ್ ಕೊನೆಗೇ ಒಂದು ಹಣ್ಣು ಧೊಪ್ಪನೆ ಬಿದ್ದದ್ದು, ಅದೂ ಮಾವನ ಸೈಕಲ್ಲಿನ ಮೇಲೆಯೇ ಬಿದ್ದದ್ದು, ನೋಟಿಸಿನ ಪರಿಣಾಮವೆಂದು ಅವರು ಇಂದಿಗೂ ನಂಬಿದ್ದಾರೆ.

ಈ ಮಾವ ನನ್ನ ತಾಯಿಯ ಅಣ್ಣ. ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿದ್ದವರು. ನಮ್ಮ ಕಡೆ ಬಸ್ಸುಗಳು ಒಂದರ ಬಾಲ ಹಿಡಿದು ಇನ್ನೊಂದು ಓಡುವುದರಿಂದ, ಒಂದರ ಪ್ರಯಾಣಿಕರನ್ನು ಇನ್ನೊಂದು ನುಂಗದ ಹಾಗೆ ನಿಮಿಷ ಲೆಕ್ಕ ಹಾಕಿ ಹೊರಡಿಸಲು ಒಬ್ಬ ಮನುಷ್ಯ ಬೇಕು. ಕೈಯಲ್ಲಿ ಉದ್ದನೆಯ ಪುಸ್ತಕ, ಬಾಯಲ್ಲಿ ಸೀಟಿ, ಕಿವಿಯ ಸಂದಿಯಲ್ಲಿ ಕೆಂಪು ಪೆನ್ನು. ಟಯರು ಪಂಕ್ಚರ್ ಆಗಲಿ, ದನ ಅಡ್ಡ ಬರಲಿ, ಡ್ರೈವರನ ಸ್ವಂತ ಮದುವೆಯೇ ಇರಲಿ, ಒಂದು ನಿಮಿಷ ಹೆಚ್ಚಾದರೂ ಷರಾ ಎಂಬ ಕೊನೆಯ ಕಾಲಮ್ಮಿನಲ್ಲಿ ಕೆಂಪು ಶಾಯಿಯ 'ತಡ' ಬಿದ್ದೇ ಬೀಳುತ್ತಿತ್ತು. ಕಂಡಕ್ಟರುಗಳು ಕಾಲಿಗೆ ಬೀಳುವುದೊಂದು ಬಾಕಿ. "ಕಾರಣ ಎಲ್ಲ ಗಡಿಯಾರಕ್ಕೆ ಎಂತಕ್ಕೆ?" ಎಂದು ಮಾವ ಮುಂದಿನ ಬಸ್ಸಿನತ್ತ ತಿರುಗುತ್ತಿದ್ದರು.

ಇಂಥವರು ತೊಂಬತ್ತರ ದಶಕದ ಕೊನೆಗೆ ನಿವೃತ್ತರಾಗಿ, ಬಜಗೋಳಿಯ ಹತ್ತಿರ ಅತ್ತೆಯ ಪಾಲಿಗೆ ಬಂದಿದ್ದ ಅರುವತ್ತು ಸೆಂಟ್ಸ್ ಗುಡ್ಡದಲ್ಲಿ ಮನೆ ಮಾಡಿದರು. ಗುಡ್ಡವೆಂದರೆ ಬರೀ ಮುರಕಲ್ಲು, ತೂತು ತೂತಿನ ಕೆಂಪು ಬಂಡೆ. ಅಂಗಳದ ಬಾವಿ ಜನವರಿ ಮುಗಿಯುವಷ್ಟರಲ್ಲಿ ಆಕಳಿಸತೊಡಗುತ್ತಿತ್ತು. ಬೋರು ಕೊರೆಸಿದರೆ ಎರಡು ಸಲವೂ ಕೆಂಪು ಪುಡಿ ಹಾರಿತು. ಹಾಗಾಗಿ ಫೆಬ್ರವರಿಯಿಂದ ಮಳೆ ಬರುವವರೆಗೆ ಅತ್ತೆ ಎಪ್ಪತ್ತೆರಡು ಮೆಟ್ಟಿಲು ಇಳಿದು, ಕೆಳಗಿನ ಮನೆಯವರ ಬಾವಿಯಿಂದ ಸೇದಿ, ಸೊಂಟದಲ್ಲಿ ಕೊಡಪಾನ ಇಟ್ಟುಕೊಂಡು ಎಪ್ಪತ್ತೆರಡು ಮೆಟ್ಟಿಲು ಹತ್ತಬೇಕು. ಬೆಳಿಗ್ಗೆ ನಾಲ್ಕು ಸಲ, ಸಂಜೆ ಮೂರು ಸಲ. ಮಾವನಿಗೆ ಬೆನ್ನಿನ ಡಿಸ್ಕು ಜಾರಿ, ಚೆಂಬಿಗಿಂತ ಭಾರದ ವಸ್ತುವನ್ನು ಎತ್ತಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು.

ಎತ್ತಬಾರದು ಎಂದಿದ್ದರೇ ಹೊರತು ಬರೆಯಬಾರದು ಎಂದಿರಲಿಲ್ಲವಲ್ಲ! ಮಾವ ಮೇಲಿನ ಮೆಟ್ಟಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತು ಅತ್ತೆಯ ಒಂದೊಂದು ಟ್ರಿಪ್ಪನ್ನೂ ಪುಸ್ತಕದಲ್ಲಿ ದಾಖಲು ಮಾಡತೊಡಗಿದರು. ನಿರ್ಗಮನ ಇಷ್ಟು ಗಂಟೆಗೆ, ಆಗಮನ ಇಷ್ಟು ಗಂಟೆಗೆ, ಷರಾ. ಬರೆದಾದ ಮೇಲೆ ಪುಸ್ತಕವನ್ನು ಅಡಿಗೆಮನೆಯ ಬಾಗಿಲಿನ ಮೊಳೆಗೆ ನೇತುಹಾಕುವುದು. ನೆಂಟರಿಗೆಲ್ಲ ಮೈ ಉರಿಯಿತು. "ಕಟ್ಟಿಕೊಂಡ ಹೆಂಡತಿಯನ್ನೂ ಬಸ್ಸು ಮಾಡಿಬಿಟ್ಟನಲ್ಲ" ಎಂದು ನನ್ನ ತಾಯಿ ಎರಡು ತಿಂಗಳು ಅಣ್ಣನ ಹತ್ತಿರ ಮಾತು ಬಿಟ್ಟರು. ಅತ್ತೆ ಮಾತ್ರ ನಗುತ್ತಿದ್ದರು. "ಬರೆಯಲಿ ಬಿಡು. ಅವರು ಬರೆಯದಿದ್ದರೆ ನಾನು ಹೋಗಿ ಬಂದದ್ದು ಯಾರಿಗೆ ಗೊತ್ತುಂಟು?"

ಇನ್ನು ಪರ್ಮಾಕಲ್ಚರ್ ಎಂಬ ಭೂತ ಮಾವನ ಮೈಮೇಲೆ ಬಂದದ್ದಕ್ಕೆ ಕಾರಣ ನಾನೇ ಎಂದು ಒಪ್ಪಿಕೊಳ್ಳಬೇಕು. ಆಗ ಮಣಿಪಾಲದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಯಾರೋ ವಿದೇಶೀ ವಿದ್ಯಾರ್ಥಿ ಸ್ಪೈರಲ್ ಹಾಕಿಸಲು ಕೊಟ್ಟು ಮರೆತುಹೋದ, ಪರ್ಮಾಕಲ್ಚರ್ ಕೃಷಿಯ ದಪ್ಪ ಪುಸ್ತಕವೊಂದು ಮೂಲೆಯಲ್ಲಿ ಬಿದ್ದಿತ್ತು. ಬೆನ್ನು ತೋರಿಸಲು ಆಸ್ಪತ್ರೆಗೆ ಬಂದ ಮಾವ ಅದನ್ನು ಎತ್ತಿಕೊಂಡು ಚಿತ್ರ ನೋಡುತ್ತಾ ಕುಳಿತರು. ಮಳೆನೀರನ್ನು ಗುಡ್ಡದಲ್ಲೇ ನಿಲ್ಲಿಸುವುದು, ಸ್ನಾನದ ನೀರಿಗೆ ಬಾಳೆ, ಬಾಳೆಗೆ ಕಸ, ಕಸಕ್ಕೆ ಬಾತುಕೋಳಿ, ಬಾತುಕೋಳಿಯ ಹಿಕ್ಕೆಗೆ ತರಕಾರಿ, ಎಲ್ಲಕ್ಕೂ ಬಾಣದ ಗುರುತು, ಎಲ್ಲವೂ ಸುತ್ತು ಹೊಡೆದು ಹೊರಟಲ್ಲಿಗೇ ಬರುವುದು.

"ಇದು ರೂಟ್ ಮ್ಯಾಪು ಮಾರಾಯ" ಎಂದು ಮಾವ ಕಣ್ಣರಳಿಸಿದರು. "ಎಲ್ಲಾ ಬಸ್ಸಿಗೂ ಕನೆಕ್ಷನ್ ಉಂಟು!"

ಅಂದಿನಿಂದ ಪ್ರತಿ ಬಿಸುವಿನ ಮರುದಿನ, ಅಂದರೆ ನಮ್ಮ ತುಳುವರ ಹೊಸ ವರ್ಷದ ಮರುದಿನ, ಮಾವ ನನ್ನ ಅಂಗಡಿಗೆ ಹಾಜರು. ಕೈಯಲ್ಲಿ ಇಡೀ ವರ್ಷದ ಯೋಜನೆಯ ಕರಡು. ಅದನ್ನು ನಾನು ಬಸ್ ಸ್ಟ್ಯಾಂಡಿನ ವೇಳಾಪಟ್ಟಿಯ ಮಾದರಿಯಲ್ಲೇ ಟೈಪ್ ಮಾಡಿ, ಲ್ಯಾಮಿನೇಷನ್ ಹಾಕಿ ಕೊಡಬೇಕು. ಮುಂಗಾರು: ಆಗಮನ ಜೂನ್ 5, ಬೆಳಿಗ್ಗೆ 8.10. ಬಸಳೆ ಚಪ್ಪರ: ಜೂನ್ 12. ಎರೆಹುಳ: ಜುಲೈ 3, ಮಧ್ಯಾಹ್ನ 2.20. ಎರೆಹುಳಕ್ಕೂ ಇಪ್ಪತ್ತು ನಿಮಿಷದ ಲೆಕ್ಕವೇ? "ಎರಡು ಗಂಟೆಗೆ ಊಟ ಆಗ್ತದೆ. ಕೈ ತೊಳೆಯುವುದು ಬೇಡವಾ?" ಪಟ್ಟಿಯ ಕೊನೆಯಲ್ಲಿ ಪ್ರತಿ ವರ್ಷವೂ ತಪ್ಪದೆ ಒಂದು ಸಾಲು, ದಪ್ಪ ಅಕ್ಷರದಲ್ಲಿ: 'ಕೊಡಪಾನದ ಕೊನೆಯ ಟ್ರಿಪ್: ಮುಂದಿನ ಬಿಸು.' ಪ್ರತಿ ವರ್ಷವೂ ಬಿಸು ಬರುತ್ತಿತ್ತು, ಅತ್ತೆ ಕೊಡಪಾನ ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು.

ಒಮ್ಮೆ ಡಿಸೆಂಬರಿನಲ್ಲಿ, ಬಾವಿಯಲ್ಲಿ ಇನ್ನೂ ನೀರಿದ್ದಾಗ, ಎರಡು ದಿನ ಇದ್ದು ಬರೋಣವೆಂದು ಹೋದೆ. ಊಟ ಮಾಡಿ ಚಾಪೆಗೆ ಬೆನ್ನು ತಾಗಿಸಿದ್ದೆನೋ ಇಲ್ಲವೋ, ಕಿವಿಯ ಹತ್ತಿರ ಸೀಟಿ ಕೇಳಿಸಿತು.

"ಏಳು, ಸ್ನಾನಕ್ಕೆ ಹೋಗು."

"ಬೆಳಿಗ್ಗೆ ಮಾಡಿದ್ದೇನೆ ಮಾವ."

"ಅದು ಬೆಳಗಿನ ಟ್ರಿಪ್. ಬಾಳೆಗೆ ಮೂರು ಗಂಟೆಗೆ ಇನ್ನೊಂದು ಉಂಟು."

ಬಚ್ಚಲಿನ ನೀರು ಹೋಗುವ ಗುಂಡಿಯ ಸುತ್ತ ಏಳು ಬಾಳೆಗಿಡಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಆ ಎರಡು ದಿನಗಳಲ್ಲಿ ಐದು ಸಲ ಮಿಂದು, ಮೂಗು ಸುರಿಸಿಕೊಂಡು ಮಣಿಪಾಲಕ್ಕೆ ಮರಳಿದೆ. ಗೊನೆ ಬಂದಾಗ ನನ್ನ ಪಾಲು ಎಂದು ಒಂದು ಚಿಪ್ಪು ಕಳುಹಿಸಿದರು. ಅದರ ಮೇಲೆ ಚೀಟಿ: 'ನಿನ್ನ ಶೀತದ ಫಲ.'

ಬಾತುಕೋಳಿಯ ಕತೆಯಂತೂ ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಈಗಲೂ ಚಾಲ್ತಿಯಲ್ಲಿದೆ. ಕಾಪುವಿನಲ್ಲಿ ಒಳ್ಳೆಯ ತಳಿ ಉಂಟೆಂದು ಯಾರೋ ಹೇಳಿದ್ದೇ ತಡ, ಮಾವ ಹೋಗಿ ಎಂಟು ಬಾತುಕೋಳಿಗಳನ್ನು ಎರಡು ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಉಡುಪಿಯಲ್ಲಿ ಬಸ್ಸು ಬದಲಿಸುವವರೆಗೆ ಎಲ್ಲ ಸುಸೂತ್ರ. ಕಾರ್ಕಳದ ಬಸ್ಸಿನಲ್ಲಿ ಒಂದು ಬುಟ್ಟಿಯ ಹಗ್ಗ ಸಡಿಲಾಯಿತು. ಒಂದು ಬಾತು ಡ್ರೈವರನ ಕಾಲಿನ ಬುಡದಲ್ಲಿ, ಇನ್ನೊಂದು ಕಾಲೇಜಿನ ಹುಡುಗಿಯೊಬ್ಬಳ ಮಡಿಲಿನಲ್ಲಿ, ಎರಡು ಹಿಂದಿನ ಬಾಗಿಲಿನಿಂದ ರಸ್ತೆಗೆ! ಬಸ್ಸು ನಿಲ್ಲಿಸಿ ಎಲ್ಲವನ್ನೂ ಹಿಡಿದು ತುಂಬಿಸುವಷ್ಟರಲ್ಲಿ ಒಂಬತ್ತು ನಿಮಿಷ ಹೋಯಿತು.

ಕಾರ್ಕಳದಲ್ಲಿ ಇಳಿದ ಮಾವ ಮಾಡಿದ್ದೇನು? ನೇರ ಹೊಸ ಟೈಮ್‌ಕೀಪರನ ಹತ್ತಿರ ಹೋಗಿ, "ಈ ಬಸ್ಸು ಒಂಬತ್ತು ನಿಮಿಷ ಲೇಟು. ಬರಿ" ಎಂದರು.

ಕಂಡಕ್ಟರನಿಗೆ ತಲೆ ಕೆಟ್ಟಿತು. "ನಿಮ್ಮ ಬಾತುಕೋಳಿಯಿಂದಲ್ವಾ ಲೇಟಾದದ್ದು?"

"ಅದನ್ನೂ ಬರಿ" ಎಂದರು ಮಾವ ಗಂಭೀರವಾಗಿ. "ಕಾರಣ, ಬಾತುಕೋಳಿ. ಮಾಲೀಕ, ನಾನು."

ತನ್ನ ಮೇಲೆ ತಾನೇ ದೂರು ಕೊಟ್ಟು ಸಹಿ ಹಾಕಿ ಬಂದ ಇಂಥ ಇನ್ನೊಬ್ಬ ಪುಣ್ಯಾತ್ಮನಿದ್ದರೆ ನನಗೆ ತೋರಿಸಿ.

ನೀರಿಲ್ಲದ ಗುಡ್ಡಕ್ಕೆ ಬಾತುಕೋಳಿ ತಂದರೆ ಏನಾಗಬೇಕೋ ಅದೇ ಆಯಿತು. ಬೇಸಗೆ ಬಂದದ್ದೇ ಅವುಗಳ ತೊಟ್ಟಿ ತುಂಬಿಸಲು ಅತ್ತೆಗೆ ದಿನಕ್ಕೆ ಎರಡು ಟ್ರಿಪ್ ಹೆಚ್ಚಾಯಿತು. ಅತ್ತೆ ಕೊಡಪಾನ ಇಳಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದರು: "ನಿಮ್ಮ ಪಟ್ಟಿಯಲ್ಲಿ ಇನ್ನು ಮೀನು ಸಾಕುವುದೂ ಉಂಟಾ?"

"ಸೆಪ್ಟೆಂಬರಿನಲ್ಲಿ" ಎಂದರು ಮಾವ ಮೆಲ್ಲನೆ.

ಮೂರನೆಯ ದಿನ ಬಾತುಕೋಳಿಗಳು ಸಾಲಾಗಿ ಎಪ್ಪತ್ತೆರಡೂ ಮೆಟ್ಟಿಲು ಇಳಿದು ಕೆಳಗಿನ ಮನೆಯವರ ತೋಡಿನ ಹರಿನೀರಿಗೆ ಸೇರಿಕೊಂಡವು, ಮತ್ತೆ ಮೇಲೆ ಬರಲಿಲ್ಲ. "ಅವಕ್ಕೆ ಬುದ್ಧಿ ಉಂಟು, ನೀರಿದ್ದಲ್ಲಿಗೆ ಹೋದವು" ಎಂದರು ಅತ್ತೆ. ಮಾವ ನಗಲಿಲ್ಲ. ಆ ವರ್ಷದ ಪಟ್ಟಿಯಿಂದ ಮೀನು, ಜೇನು, ಅಣಬೆ ಎಲ್ಲವನ್ನೂ ಹೊಡೆದುಹಾಕಿ ಒಂದೇ ಒಂದು ಸಾಲು ಉಳಿಸಿದರು. ಮನೆಯ ಮೇಲ್ಬದಿಯ ಇಳಿಜಾರಿನಲ್ಲಿ ದೊಡ್ಡ ಇಂಗುಗುಂಡಿ ತೋಡಿಸುವುದು. ಮಳೆಯ ನೀರು ಅಲ್ಲಿ ನಿಂತು, ನಿಧಾನವಾಗಿ ಇಳಿದು, ಅಂಗಳದ ಬಾವಿಗೆ ಬರಬೇಕು. ಜೆಸಿಬಿ: ಆಗಮನ ಫೆಬ್ರವರಿ ಎರಡನೆಯ ವಾರ, ಬೆಳಿಗ್ಗೆ 8.05. ಅಗೆತ ಆರಂಭ 8.10.

ಜೆಸಿಬಿ ಎಂಟೂ ಐದಕ್ಕೆ ಸರಿಯಾಗಿ ಬಂತು. ಎಂಟೂ ಹತ್ತಕ್ಕೆ ಅದರ ಕೈಯ ಮುಂದೆ ಅತ್ತೆ ನಿಂತಿದ್ದರು.

"ಇವತ್ತು ಕೆಡ್ಡಸ" ಎಂದರು.

ಮಾವನ ಮುಖ ಸಣ್ಣದಾಯಿತು. ನೋಡಿ, ಎರೆಹುಳದ ನಿಮಿಷವನ್ನೂ ಲೆಕ್ಕ ಹಾಕಿದ ಮನುಷ್ಯ, ಬಟ್ಟೆ ಅಂಗಡಿಯ ಇಂಗ್ಲಿಷ್ ಕ್ಯಾಲೆಂಡರು ನೋಡಿ ಪಟ್ಟಿ ಹಾಕಿ, ಕೆಡ್ಡಸವನ್ನೇ ಮರೆತಿದ್ದರು! ಆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆಂದು ತುಳುನಾಡಿನಲ್ಲಿ ಯಾರೂ ನೆಲ ಅಗೆಯುವುದಿಲ್ಲ, ಗಿಡ ಕಡಿಯುವುದಿಲ್ಲ.

"ಮೈ ಸರಿ ಇಲ್ಲದೆ ಮಲಗಿದವಳಿಗೆ ಕಬ್ಬಿಣದಲ್ಲಿ ತಿವಿಯುವುದಾ?" ಎಂದು ಕೇಳಿದರು ಅತ್ತೆ.

ಜೆಸಿಬಿ ಓಡಿಸುವವನು ಬಾಗಲಕೋಟೆಯ ಕಡೆಯ, ಗಿರಿಜಾಮೀಸೆಯ ನಡುವಯಸ್ಸಿನ ಗೃಹಸ್ಥ. "ನೆಲಕ್ಕೂ ರಜಾ ಕೊಡ್ತೀರೇನ್ರೀ ನಿಮ್ಮ ಕಡೆ?" ಎಂದು ಬೆರಗಾಗಿ, ಹಾಗಾದರೆ ಅಜೆಕಾರಿನ ಕೆಲಸ ಮುಗಿಸಿ ಬರುತ್ತೇನೆಂದು ಹೋದ. ಒಂದೂವರೆ ಗಂಟೆಯಲ್ಲಿ ವಾಪಸು ಬಂದ. ಅಜೆಕಾರಿನಲ್ಲೂ ಅದೇ ಭೂಮಿ, ಅದೇ ಕೆಡ್ಡಸ! ಇನ್ನೇನು ಮಾಡುವುದು? ಹುರಿದ ಅಕ್ಕಿಹಿಟ್ಟಿಗೆ ಬೆಲ್ಲ, ತೆಂಗಿನಕಾಯಿ ಹಾಕಿ ಅತ್ತೆ ಮಾಡಿದ 'ನನ್ನೇರಿ' ಎಂಬ ಹಬ್ಬದ ತಿಂಡಿಯನ್ನು ಮುಕ್ಕುತ್ತಾ ಜಗಲಿಯಲ್ಲಿ ಕುಳಿತ.

"ಮೂರು ದಿನ ನೀನೂ ಕುಳಿತುಕೋ" ಎಂದು ಮಾವ ಅತ್ತೆಗೆ ಹೇಳಿದರಂತೆ. "ನೀರು?" ಎಂದು ಕೇಳಿದ ಅತ್ತೆ ಕೊಡಪಾನ ಎತ್ತಿಕೊಳ್ಳುವಷ್ಟರಲ್ಲಿ ಮೀಸೆಯ ಗೃಹಸ್ಥ ಎದ್ದು ಬಂದು ಅದನ್ನು ಕಿತ್ತುಕೊಂಡ. "ಕುಂದರ್ರಿ ಅಕ್ಕಾರ. ಉಂಡ ಮನೀಗೆ ಇಷ್ಟರ ಮಾಡಬ್ಯಾಡೇನ್ರಿ?" ಮೂರು ದಿನವೂ ನೀರು ಅವನೇ ತಂದ. ಮಾವ ಅವನ ಟ್ರಿಪ್ಪನ್ನು ಬಿಟ್ಟಾರೆಯೇ? ಒಂಬತ್ತು ನಿಮಿಷ. ಷರಾ: 'ಅತಿವೇಗ. ನೀರು ಚೆಲ್ಲಿದೆ.'

ಮೂರನೆಯ ದಿನ ಅತ್ತೆ, ಇಂಗುಗುಂಡಿ ಆಗಬೇಕಾಗಿದ್ದ ಜಾಗದಲ್ಲೇ ನೆಲಕ್ಕೆ ಎಣ್ಣೆ ಬಿಟ್ಟು ಭೂಮಿಯನ್ನು ಮೀಯಿಸಿದರು. ನಾಲ್ಕನೆಯ ದಿನ ಎಂಟೂ ಹತ್ತಕ್ಕೆ ಅಗೆತ ಶುರುವಾಯಿತು. ನಾನು ಪರಿಷ್ಕೃತ ವೇಳಾಪಟ್ಟಿ ಅಚ್ಚು ಹಾಕಿ ಕೊಟ್ಟೆ. ಅದರಲ್ಲಿ ಮೂರು ದಿನಗಳ ಎದುರು ಮಾವ ಬರೆಸಿದ್ದರು: 'ಭೂಮಿ ರಜೆಯಲ್ಲಿದ್ದಾಳೆ.'

ಮೊದಲ ಮಳೆಗಾಲದ ನಂತರ ಬಾವಿ ಫೆಬ್ರವರಿ ಕೊನೆಯವರೆಗೆ ಬಂತು. ಎರಡನೆಯದಕ್ಕೆ ಮಾರ್ಚ್ ಕೊನೆ. ಮೂರನೆಯ ವರ್ಷದ ಬಿಸುವಿಗೆ ನಮ್ಮನ್ನೆಲ್ಲ ಕರೆದಿದ್ದರು. ಬೆಳಿಗ್ಗೆ ಎದ್ದ ಕೂಡಲೇ ನೋಡಲೆಂದು ದೇವರ ಮುಂದೆ ಇಡುವ ಕಣಿಯಲ್ಲಿ ಸೌತೆ, ತೆಂಗಿನಕಾಯಿ, ಗೇರುಹಣ್ಣು, ಕನ್ನಡಿಗಳ ನಡುವೆ ಅತ್ತೆಯ ಕೊಡಪಾನ ಬೋರಲಾಗಿ ಕುಳಿತಿತ್ತು, ತಲೆಯ ಮೇಲೆ ಒಂದು ದಾಸವಾಳ. ಅತ್ತೆ ಅದನ್ನು ನೋಡಿದರು, ಮಾವನನ್ನು ನೋಡಿದರು, ಅಂಗಳಕ್ಕೆ ಹೋಗಿ ತಮ್ಮದೇ ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿದರು. ಮಾವ ರಾತ್ರಿಯ ಕೊನೆಯ ಬಸ್ಸಿಗೆ ಊದುವಂಥ ಉದ್ದನೆಯ ಸೀಟಿ ಊದಿದರು. ಕೆಳಗಿನ ಮನೆಯ ನಾಯಿ ಕೂಡ ಬೊಗಳಿತು.

ಮರುದಿನ ವಾಡಿಕೆಯಂತೆ ನನ್ನ ಅಂಗಡಿಗೆ ಬಂದರು. ಕರಡಿನ ಜೊತೆಗೆ ಸಣಬಿನ ಹುರಿಯಲ್ಲಿ ಕಟ್ಟಿದ ಹಳೆಯ ಪುಸ್ತಕಗಳ ಒಂದು ಕಟ್ಟು ಇತ್ತು. "ಅತ್ತೆಯ ಟ್ರಿಪ್ಪಿನದ್ದು. ಎಲ್ಲ ಸೇರಿಸಿ ಒಂದು ಬೈಂಡ್ ಹಾಕು. ಇನ್ನು ಬರೆಯಲಿಕ್ಕಿಲ್ಲ."

ನಗಬೇಕೆಂದೇ ಪುಟ ತಿರುವಿದೆ. ಮೊದಲ ವರ್ಷ: ನಿರ್ಗಮನ 6.10, ಆಗಮನ 6.24. ಆಮೇಲೆ 6.26. ಬಾತುಕೋಳಿಯ ವರ್ಷ 6.31. ಕಡೆಯ ಪುಸ್ತಕದಲ್ಲಿ 6.36. ಮೆಟ್ಟಿಲು ಅವೇ, ಕೊಡಪಾನ ಅದೇ. ಅತ್ತೆಯ ಮೊಣಕಾಲು ಹೀಗೆ ವರ್ಷದಿಂದ ವರ್ಷಕ್ಕೆ ಸೋಲುತ್ತಿದ್ದುದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಅವರು ಬಾಯಿ ಬಿಟ್ಟವರೂ ಅಲ್ಲ. ಗೊತ್ತಿದ್ದದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಈ ಒಬ್ಬರಿಗೆ.

ಷರಾ ಕಾಲಮ್ಮಿನಲ್ಲಿ ಕೆಂಪು ಶಾಯಿ ಹುಡುಕಿದೆ. ಎಲ್ಲೂ ಇರಲಿಲ್ಲ. ಪುಟ ಪುಟಕ್ಕೂ, ಸಾಲು ಸಾಲಿಗೂ ಒಂದೇ ಬರಹ, ನೀಲಿ ಶಾಯಿಯಲ್ಲಿ: 'ಸಮಯಕ್ಕೆ ಸರಿ.'

"ಇದೆಂತ ಮಾವ? ಹನ್ನೆರಡು ನಿಮಿಷ ಹೆಚ್ಚಾದಲ್ಲಿಯೂ ಸಮಯಕ್ಕೆ ಸರಿ ಅಂತ ಬರೆದಿದ್ದೀರಲ್ಲ?"

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಪುಸ್ತಕ ಅಡಿಗೆಮನೆ ಬಾಗಿಲಲ್ಲೇ ಇರ್ತಿತ್ತಲ್ವಾ, ಅವಳು ದಿನಾ ಓದ್ತಿದ್ದಳು. ತಡ ಅಂತ ಬರೆದರೆ ಮರುದಿನ ಓಡಿಕೊಂಡು ಹತ್ತುತ್ತಾಳೆ ಮಾರಾಯ."

ಇಷ್ಟು ವರ್ಷ ಊರಿಗೆಲ್ಲ ಈ ಪುಸ್ತಕದ ಕತೆ ಹೇಳಿ ನಗಿಸಿದವನು ನಾನು. ನಾಚಿಕೆಯಾಯಿತು, ಕಣ್ಣು ತುಂಬಿ ಬಂತು, ಪುಟಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಹೊರಗೆ ಕಾರ್ಕಳದ ಹನ್ನೊಂದೂ ಹತ್ತರ ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು. ಅದು ಮಾವ ಹಿಡಿಯಬೇಕಾಗಿದ್ದ ಬಸ್ಸು. ಅವರು ವಾಚು ನೋಡಲಿಲ್ಲ.